ಎಡ ಭುಜ ಒಂದಿಂಚು ಕೆಳಗೆ

ಮೇಲ್ಮಹಡಿಯ ಮಾಲೀಕ ಕೆಳಗಿನ ಮೂರು ಬಾಡಿಗೆ ಮನೆಗಳ ನೀರನ್ನು ಹನ್ನೊಂದು ವರ್ಷ ಕದ್ದ.

ಕದ್ದ ನೀರು ಮೇಲಕ್ಕೇರುತ್ತಿದ್ದದ್ದು ನಡುಮಹಡಿಯ ಕರಡಪ್ಪನ ಮನೆಯ ಗೋಡೆಯೊಳಗಿಂದ. ಕಳ್ಳಮಾಲು ತನ್ನ ಮನೆಯ ಮೂಲಕವೇ ಸಾಗುತ್ತಿದ್ದರೂ ಕರಡಪ್ಪನಿಗೆ ಅದರ ಸುಳಿವು ಹತ್ತಿರಲಿಲ್ಲ. ಅವನನ್ನು ದೂರಿ ಫಲವಿಲ್ಲ. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದವನು ಅವನು. ಕಾಗದದ ಮೇಲಿದ್ದದ್ದು ಇದೆ, ಇಲ್ಲದ್ದು ಇಲ್ಲ ಎಂಬುದು ಅವನ ವೇದಾಂತ. ಗೋಡೆಯೊಳಗೆ ಏನಿದೆ ಎಂದು ಯಾರೂ ಅಚ್ಚು ಹಾಕಿಸಿ ಅವನ ಮೇಜಿಗೆ ಕಳಿಸಿರಲಿಲ್ಲ. ಬೀದಿಯವರು ಅವನನ್ನು ಕರಡಪ್ಪ ಎಂದದ್ದೂ ಈ ಕೆಲಸದಿಂದಲೇ. ಅಸಲು ಹೆಸರು ಬಾಗಿಲ ಹಲಗೆಯ ಮೇಲಿತ್ತು, ಅಂಚೆಯವನೊಬ್ಬನೇ ಓದುತ್ತಿದ್ದ.

ಅವನ ಬಾಯಿಂದ ಹೆಚ್ಚು ಹೊರಡುತ್ತಿದ್ದ ಮಾತು ಒಂದೇ: "ಆಯ್ತು." ಫೋರ್‌ಮನ್ ಪುಟ ಬದಲಿಸು ಎಂದರೆ ಆಯ್ತು. ಬಸ್ಸಿನಲ್ಲಿ ಯಾರಾದರೂ ಸ್ವಲ್ಪ ಸರಿದು ಕೂತ್ಕೊಳ್ಳಿ ಎಂದರೆ ಆಯ್ತು, ತಾನು ನಿಂತೇ ಇದ್ದರೂ ಆಯ್ತು. "ನಲ್ಲೀಲಿ ನೀರು ಇಷ್ಟೇ ಬರೋದು, ಎಲ್ಲಾ ಕಡೆ ಹೀಗೇ" ಎಂದು ಮಾಲೀಕ ಹೇಳಿದಾಗಲೂ ಆಯ್ತು.

ಆ ಬೀದಿಗೆ ನೀರು ಬಿಡುತ್ತಿದ್ದದ್ದು ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ. ಆ ಒಂದು ಗಂಟೆಯಲ್ಲಿ ಬಾಡಿಗೆ ಮನೆಗಳ ನಲ್ಲಿ ನೂಲಿನಷ್ಟು ನೀರು ಬಿಟ್ಟು, ನಡುನಡುವೆ ಕೆಮ್ಮಿ, ಸುಸ್ತಾಗಿ ನಿಲ್ಲುತ್ತಿತ್ತು. ಉಳಿದದ್ದನ್ನು ಬೀದಿಯ ಮೂಲೆಯ ಸಾರ್ವಜನಿಕ ನಲ್ಲಿಯಿಂದ ಹೊರಬೇಕು. ಹೊರುತ್ತಿದ್ದವರು ಯಾರು ಎಂದು ಹೇಳಬೇಕಾಗಿಲ್ಲ. ನೀರು ಹೊರುವ ಹೊತ್ತು ಬಂದಾಗ ಭೂಮಿಯ ಮೇಲಿನ ಗಂಡಸರಿಗೆಲ್ಲ ಒಟ್ಟಿಗೇ ಕೆಲಸಕ್ಕೆ ಹೊತ್ತಾಗುತ್ತದೆ.

ಕರಡಪ್ಪನ ಮನೆಗೆ ನೀರು ಹೊತ್ತವಳು ಅವನ ಹೆಂಡತಿ. ಏಳು ತಿಂಗಳ ಹಿಂದೆ ತೀರಿಕೊಂಡಳು. ಬೀದಿಗೆಲ್ಲ ಬಟ್ಟೆ ಹೊಲಿದವಳು, ಬೀದಿಗೆಲ್ಲ ಟೇಲರಮ್ಮ. ಹೊಲಿಗೆ ಯಂತ್ರದ ಹಿಂದಿನ ಸುಣ್ಣದ ಗೋಡೆಯೇ ಅವಳ ಪುಸ್ತಕ. ಅಳತೆ ತೆಗೆದು, ಟೇಪನ್ನು ಕೊರಳಿಗೆ ಹಾಕಿಕೊಂಡು, ಕಿವಿಯ ಮೇಲಿನ ಪೆನ್ಸಿಲು ಕೈಗೆ ತೆಗೆದುಕೊಂಡು ಗೋಡೆಯ ಮೇಲೇ ಬರೆದುಬಿಡುತ್ತಿದ್ದಳು. "ಪುಸ್ತಕ ಕಳೆದುಹೋಗುತ್ತೆ, ಗೋಡೆ ಎಲ್ಲಿಗೆ ಹೋಗುತ್ತೆ" ಎನ್ನುತ್ತಿದ್ದಳು. ಹದಿನೈದು ವರ್ಷದ ಎದೆ, ಸೊಂಟ, ತೋಳು, ಕತ್ತು ಅಲ್ಲಿ ಒಂದರ ಪಕ್ಕ ಒಂದು ನಿಂತಿದ್ದವು. ಕರಡಪ್ಪ ಒಮ್ಮೆ ತಡೆಯಲಾರದೆ ಕೆಂಪು ಪೆನ್ಸಿಲು ಹಿಡಿದು ಮೂರು ಕಡೆ ಕಾಗುಣಿತ ತಿದ್ದಿದ.

"ಅಳತೆ ತಪ್ಪಿದೆಯಾ?" ಎಂದು ಅವಳು ಕೇಳಿದಳು.

"ಅಳತೆ ಅಲ್ಲ, ಅಕ್ಷರ."

"ಅಕ್ಷರಾನ ಯಾರೂ ತೊಟ್ಕೊಳ್ಳಲ್ಲ. ಸುಮ್ನಿರಿ."

ಇನ್ನೊಂದು ಮಾತನ್ನೂ ಅವಳು ಆಗಾಗ ಹೇಳುತ್ತಿದ್ದಳು. "ರೀ, ನೀರು ಬರೋ ದಿನ ಈ ಗೋಡೆ ಗುಂಯ್ ಅನ್ನುತ್ತೆ."

"ನಿನ್ನ ಮಷೀನಿನ ಸದ್ದು."

"ಮಷೀನು ನಿಲ್ಲಿಸಿದಾಗಲೇ ಕೇಳೋದು."

"ಹಾಗಾದ್ರೆ ಕಿವಿ."

ಕರಡಪ್ಪ ಹೆಂಡತಿಯನ್ನು ಕಡೆಗಣಿಸುವ ಗಂಡನಲ್ಲ. ರಜೆ ಹಾಕಿ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದ. ಡಾಕ್ಟರು ಎರಡೂ ಕಿವಿಗೆ ದೀಪ ಹಿಡಿದು, ಕಿವಿ ಚೆನ್ನಾಗಿದೆ ಎಂದು ಹೇಳಿ, ಬಂದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಹನಿ ಔಷಧಿ ಬರೆದುಕೊಟ್ಟರು. ಅವಳು ಒಂದು ವರ್ಷ ದಿನಾ ಎರಡೆರಡು ಹನಿ ಬಿಟ್ಟುಕೊಂಡಳು. ಆಮೇಲೆ ಗೋಡೆಯ ಮಾತು ಎತ್ತಲಿಲ್ಲ. ಔಷಧಿ ನಾಟಿತು ಎಂದು ಕರಡಪ್ಪ ನಾಲ್ಕು ಜನರೆದುರು ಹೇಳಿಕೊಂಡ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಆ ಮನೆಯ ಗೋಡೆಗೆ ಬಾಯಿಯೂ ಇತ್ತು. ಕಿವಿ ಇಲ್ಲದಿದ್ದದ್ದು ಗಂಡನಿಗೆ.

ಈಗ ರಜೆಯ ದಿನದ ಒಂದು ಬೆಳಿಗ್ಗೆಗೆ ಬರೋಣ.

ಟೇಲರಮ್ಮನ ಫೋಟೋ ಕಟ್ಟು ಹಾಕಿಸಿದ ದಿನದಿಂದ ಮೇಜಿನ ಮೇಲೆ ಅಂಗಾತ ಮಲಗಿ ಸೂರನ್ನು ನೋಡುತ್ತಿತ್ತು. ನೇತುಹಾಕಲು ಕರಡಪ್ಪ ಏಳು ತಿಂಗಳಿಂದ ಜಾಗ ಹುಡುಕುತ್ತಿದ್ದ. ಅಂದು ಹೊಳೆಯಿತು. ಗೋಡೆಯಲ್ಲಿ ಅಳತೆಗಳ ನಡುವೆ, ಆಳೆತ್ತರದಲ್ಲಿ, ಅವಳೇ ಪೆನ್ಸಿಲಿನಿಂದ ಬರೆದ ಒಂದು ಪುಟ್ಟ ಸುತ್ತು ಇತ್ತು. ಸುತ್ತಲೂ ಬರೆದಿದ್ದರೂ ಸುತ್ತಿನೊಳಗೆ ಒಂದಕ್ಷರ ಬರೆದಿರಲಿಲ್ಲ. ಕನ್ನಡಿಗೋ ಗಡಿಯಾರಕ್ಕೋ ಮೊಳೆ ಹೊಡೆಯಲು ಗುರುತಿಟ್ಟಿದ್ದಾಳೆ, ತನಗೆ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಾಳೆ ಎಂದುಕೊಂಡ. ಗುರುತಿನ ನಡುಮಧ್ಯಕ್ಕೆ ಮೂರಂಗುಲದ ಮೊಳೆ ಹೊಡೆದ. ಅವನ ಜೀವನದಲ್ಲಿ ಅಷ್ಟು ನೇರವಾಗಿ ಹೋದ ಮೊಳೆ ಇನ್ನೊಂದಿಲ್ಲ. ಫೋಟೋ ತೂಗುಹಾಕಿ, ಹಿಂದೆ ಸರಿದು, ಸೊಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ.

ಆಗ ಗಂಟೆ ಆರೂವರೆ ಆಯಿತು.

ಫೋಟೋ ನಡುಗಿತು. ಗೋಡೆ ಒಮ್ಮೆ ಕೆಮ್ಮಿತು. ಅಂಗೈಯಗಲದ ಗಾರೆ ಉದುರಿತು, ಮೊಳೆ ಎಲ್ಲಿಗೋ ಹಾರಿತು, ಟೇಲರಮ್ಮ ಗಾಜು ಕಟ್ಟಿನ ಸಮೇತ ತಾನಾಗಿಯೇ ಗಂಡನ ತೋಳಿಗೆ ಬಂದಳು. ಅವಳ ಹಿಂದೆಯೇ ನೀರು ಬಂತು.

ಇಂಥ ಸಂದರ್ಭಕ್ಕೆ ಭೂಮಿಯ ಮೇಲೆ ಒಬ್ಬನೇ ಒಬ್ಬ ಸಿದ್ಧನಾಗಿದ್ದರೆ ಅವನು ಕರಡಪ್ಪ. "ಮನೆಯಲ್ಲಿ ನೀರಿನ ಕೊಳವೆ ಒಡೆದರೆ: ಒಂಬತ್ತು ಸೂಚನೆಗಳು" ಎಂಬ ನೀರಿನ ಇಲಾಖೆಯ ಕರಪತ್ರ ಅವನ ಮುದ್ರಣಾಲಯದಲ್ಲೇ ಅಚ್ಚಾದದ್ದು. ಕರಡು ತಿದ್ದಿದವನು ಅವನೇ. ಮೊದಲು ಸೂಚನೆ ಹತ್ತಿದ್ದವು. ಹತ್ತನೆಯದು ಪುಟದ ಹೊರಗೆ ಚೆಲ್ಲುತ್ತಿತ್ತು. ಫೋರ್‌ಮನ್ "ಒಂದನ್ನ ತೆಗಿ" ಎಂದ. ಕರಡಪ್ಪ "ಆಯ್ತು" ಎಂದ. ತುದಿಯಲ್ಲಿದ್ದದ್ದು ಕೈಗೆ ಹತ್ತಿರವಿತ್ತು, ಅದನ್ನೇ ತೆಗೆದ. ಉಳಿದ ಒಂಬತ್ತು ಅವನಿಗೆ ಬಾಯಿಪಾಠ, ಬಾಗಿಲ ಹಿಂದೆ ಅಂಟಿಸಿದ್ದ ಪ್ರತಿ ಬೇರೆ.

ಸೂಚನೆ ಒಂದು: ಗಾಬರಿಯಾಗದಿರಿ. ಕರಡಪ್ಪ ಫೋಟೋ ಎದೆಗವಚಿಕೊಂಡು ಅರ್ಧ ನಿಮಿಷ ಅಲ್ಲಾಡದೆ ನಿಂತು ಗಾಬರಿಯಾಗದಿದ್ದ. ಅಷ್ಟರಲ್ಲಿ ನೀರು ಪಾದ ಮುಚ್ಚಿತು.

ಸೂಚನೆ ಎರಡು: ಮುಖ್ಯ ವಾಲ್ವನ್ನು ಮುಚ್ಚಿ. ಫೋಟೋವನ್ನು ಕಪಾಟಿನ ಮೇಲಿಟ್ಟು, ಮೆಟ್ಟಿಲಿಳಿದು, ಗೇಟಿನ ಬಳಿಯ ವಾಲ್ವನ್ನು ಬಲಕ್ಕೆ ತಿರುಗಿಸಿ ಬಿಗಿದು ಮೇಲೆ ಬಂದ. ಗೋಡೆ ಹಾಗೆಯೇ ಸುರಿಯುತ್ತಿತ್ತು. ಬಿಗಿ ಸಾಲಲಿಲ್ಲವೇನೋ ಎಂದು ಮತ್ತೆ ಇಳಿದು ಮತ್ತೆ ಬಿಗಿದು ಬಂದ. ಗೋಡೆಗೆ ಇನ್ನೂ ಹುರುಪು. ಅದೂ ಸಹಜವೇ, ಕಳ್ಳ ಕೊಳವೆ ವಾಲ್ವಿಗೆ ಮೊದಲೇ ಕವಲೊಡೆದಿತ್ತು, ಕೆಳಗಿನ ಮೂರೂ ಮನೆಗಳ ಪಾಲನ್ನು ಅವನು ತನ್ನ ಕೈಯಾರೆ ನಿಲ್ಲಿಸಿ ಬಂದಿದ್ದ. ಬೀದಿಯ ನೀರಿಗೆಲ್ಲ ಈಗ ಉಳಿದಿದ್ದ ದಾರಿ ಅದೊಂದೇ.

ಮೂರನೆಯ ಸಲ ಇಳಿಯುತ್ತಿದ್ದಾಗ ಎದುರು ಮನೆಯ ನರ್ಸಕ್ಕ ಬಾಗಿಲು ತೆಗೆದಳು. ಆಸ್ಪತ್ರೆಯ ಪಾಳಿ ಮುಗಿಸಿ ಆಗಷ್ಟೇ ಬಂದವಳು, ಮುಖದ ಮೇಲೆ ಅರ್ಧ ಸೋಪು.

"ಯಾರ್ರೀ ಅದು ವಾಲ್ವ್ ಮುಚ್ಚಿದ್ದು? ಕಣ್ಣು ಉರೀತಾ ಇದೆ ನಂಗೆ."

"ನಾನೇ. ಸೂಚನೆ ಎರಡು."

ಕೆಳಮನೆಯಿಂದ ನಿವೃತ್ತ ಕಂಡಕ್ಟರು ಖಾಲಿ ಬಕೆಟ್ಟು ಹಿಡಿದು ಏರಿ ಬಂದರು. ಅವರ ಹಿಂದೆ ಎರಡು ಕೊಡ ಹಿಡಿದು ಅವರ ಹೆಂಡತಿ. "ಏನ್ರೀ ಕರಡಪ್ಪ, ಇದ್ದ ನೂಲನ್ನೂ ಕತ್ತರಿಸಿಬಿಟ್ರಲ್ಲ" ಎಂದು ಶುರು ಮಾಡಿದ ಕಂಡಕ್ಟರು, ತೆರೆದ ಬಾಗಿಲಿನೊಳಗೆ ಕಣ್ಣು ಹಾಯಿಸಿ ಮಾತು ನಿಲ್ಲಿಸಿದರು. ಗೋಡೆಯಿಂದ ತೋಳಿನಷ್ಟು ದಪ್ಪ ನೀರು ಬಿಲ್ಲಿನಂತೆ ಬಾಗಿ ಬೀಳುತ್ತಿತ್ತು. ಹನ್ನೊಂದು ವರ್ಷದಿಂದ ಅಂಥ ನೀರನ್ನು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. ಎಲ್ಲರೂ ಸ್ವಲ್ಪ ಹೊತ್ತು ಮಗು ಹುಟ್ಟಿದ ಮನೆಯವರಂತೆ ನಿಂತು ನೋಡಿದರು.

"ಎಂಥಾ ರಭಸ ನೋಡ್ರೀ" ಎಂದರು ಕಂಡಕ್ಟರು ಕೊನೆಗೆ. "ನಿಲ್ಲಿಸಬೇಡಿ. ಪಾಪ, ಹೇಗೂ ಬರ್ತಾ ಇದೆ."

"ನಿಲ್ಲಿಸಬೇಕು ಅಂತಲೇ ಎರಡು ಸಲ ಇಳಿದು ಹತ್ತಿದೆ. ಅದು ನಿಲ್ತಾ ಇಲ್ಲ. ಗೋಡೆ ಒದ್ದೆ ಆಗ್ತಾ ಇದೆ, ಅವಳು ಬರೆದದ್ದು..."

ಮಾತು ಪೂರ್ತಿಯಾಗಲಿಲ್ಲ. ಕಂಡಕ್ಟರು ಆಗಲೇ ಬಕೆಟ್ಟು ಒಡ್ಡಿದ್ದರು. ಅದು ತುಂಬುವಷ್ಟರಲ್ಲಿ ನರ್ಸಕ್ಕ ಮುಖ ತೊಳೆದುಕೊಂಡಳು. ಹೇಗೆ ತಿಳಿಯಿತೋ, ಮೂಲೆಯ ನಲ್ಲಿಯ ಬಳಿ ಸಾಲು ನಿಂತಿದ್ದ ಹೆಂಗಸರೂ ಮೆಟ್ಟಿಲ ಮೇಲೆ ಕೊಡ ಹಿಡಿದು ಸಾಲಾದರು. ಕಂಡಕ್ಟರಿಗೆ ಸಾಲು ಕಂಡರೆ ಮೂವತ್ತು ವರ್ಷದ ನೌಕರಿ ಮೈಮೇಲೆ ಬರುತ್ತದೆ. ಬಾಗಿಲಲ್ಲಿ ನಿಂತು, "ಇಳಿಯೋರು ಮೊದಲು ಇಳೀರಿ. ಹತ್ತೋರು ಆಮೇಲೆ. ನಡುವೆ ನಿಲ್ಬೇಡಿ, ಒಳಗೆ ಹೋಗಿ, ಒಳಗೆ ತುಂಬಾ ಜಾಗ ಇದೆ" ಎಂದು ಮನೆಯೊಡೆಯನನ್ನೇ ಎರಡು ಸಲ ಹೊರಕ್ಕೆ ಕಳಿಸಿದರು.

ಕೊಡ ತುಂಬುವವರೆಗೆ ನಿಂತವರಿಗೆ ಓದಲು ಗೋಡೆಯಿತ್ತು.

"ಕಂಡಕ್ಟ್ರು, ಸೊಂಟ ಮೂವತ್ತೆರಡು" ಎಂದು ನರ್ಸಕ್ಕ ಗಟ್ಟಿಯಾಗಿ ಓದಿದಳು.

"ಎಲ್ಲಿ? ನಂದಾ ಅದು?" ಕಂಡಕ್ಟರು ಸಾಲು ಬಿಟ್ಟು ಒಳಬಂದರು. ಗೋಡೆ ನೋಡಿದರು, ತಮ್ಮನ್ನು ನೋಡಿಕೊಂಡರು. "ಟೇಲರಮ್ಮ ಉಸಿರು ಬಿಗಿ ಹಿಡ್ಕೊಳ್ಳಿ ಅಂದಿದ್ರು ಅನ್ಸುತ್ತೆ."

"ಹದಿಮೂರು ವರ್ಷ ಆಯ್ತು, ಬಿಟ್ಟುಬಿಡಿ ಇನ್ನ" ಎಂದಳು ಅವರ ಹೆಂಡತಿ.

ಮೆಟ್ಟಿಲಿನವರೆಗೂ ನಗು ಹೋಯಿತು. ಕರಡಪ್ಪನಿಗೆ ನಗಲಾಗಲಿಲ್ಲ. ಆ ಮೂವತ್ತೆರಡರ ಕೊನೆಯ ಎರಡು ಅವನು ನೋಡುತ್ತಿದ್ದಂತೆಯೇ ಸುಣ್ಣದೊಂದಿಗೆ ಕರಗಿ ಕೆಳಗೆ ಜಾರಿತು. ಟವೆಲು ತಂದು ಗೋಡೆಗೆ ಒತ್ತಿದ. ಟವೆಲು ತೆಗೆದಾಗ ಒಂದು ಕತ್ತು, ಎರಡು ತೋಳು ಅದಕ್ಕೇ ಅಂಟಿಕೊಂಡು ಬಂದವು. ಆಮೇಲೆ ಅವನು ಗೋಡೆಯನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಕೈಯನ್ನು ಗೋಡೆಯಿಂದ ಒಂದಂಗುಲ ದೂರ ಹಿಡಿದು, ನೀರಿಗೆ ಅಡ್ಡವಾಗಿ ನಿಂತ. ಗದ್ದೆಗೆ ಬೆದರುಬೊಂಬೆ ನಿಲ್ಲಿಸಿದರೆ ಹಕ್ಕಿಗಳು ಎಷ್ಟು ಹೆದರುತ್ತವೋ ನೀರೂ ಅಷ್ಟೇ ಹೆದರಿತು.

ನರ್ಸಕ್ಕ ನಗು ನಿಲ್ಲಿಸಿ ನೆಲ ನೋಡಿದಳು. ನೀರು ಹೊಲಿಗೆ ಯಂತ್ರದ ಮೋಟರಿನ ಪ್ಲಗ್ಗಿನ ಕಡೆಗೆ ಹೊರಟಿತ್ತು.

"ಕರಡಪ್ಪೋರೇ, ಮೊದಲು ಕರೆಂಟು ತೆಗೀರಿ."

"ಅದು ಸೂಚನೆ ಮೂರು."

"ಹೂಂ, ತೆಗೀರಿ."

"ಎರಡು ಇನ್ನೂ ಆಗಿಲ್ಲವಲ್ಲ ನರ್ಸಕ್ಕ. ಎರಡು ಆಗದೆ ಮೂರಕ್ಕೆ ಹೇಗೆ ಹೋಗೋದು? ಸಂಖ್ಯೆ ತಪ್ಪುತ್ತೆ."

ನರ್ಸಕ್ಕ ಅವನನ್ನು ನೋಡಿದ ನೋಟವನ್ನು ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರುಗಳೂ ತಡೆದುಕೊಂಡಿರಲಿಲ್ಲ. "ಇಷ್ಟು ಜನ ಒದ್ದೆ ನೆಲದ ಮೇಲೆ ನಿಂತಿದಾರೆ. ಒಬ್ಬರು ಹೋದ್ರೆ ಎಷ್ಟನೇ ಸಂಖ್ಯೆ ಅಂತ ಬರ್ಕೊಳ್ತೀರಾ? ಎಲ್ಲರೂ ಆಚೆ ನಡೀರಿ. ಕೊಡ ಅಲ್ಲೇ ಬಿಡಿ. ನೀವು ಕೈ ಒರೆಸ್ಕೊಳ್ಳಿ, ಚಪ್ಪಲಿ ಹಾಕ್ಕೊಳ್ಳಿ, ಒಣಗಿರೋ ಕಡೆ ನಿಂತ್ಕೊಂಡು ಮೇನ್ ತೆಗೀರಿ."

"ಆಯ್ತು" ಎಂದ ಕರಡಪ್ಪ.

ಮೇನ್ ಪೆಟ್ಟಿಗೆಗಳು ಮೆಟ್ಟಿಲ ತಿರುವಿನಲ್ಲಿದ್ದವು, ಅಲ್ಲಿ ನೆಲ ಒಣಗಿತ್ತು. ಕರಡಪ್ಪ ತನ್ನ ಮನೆಯ ಹಿಡಿ ಕೆಳಗೆಳೆದ. ಎಳೆದ ಕೈಯಲ್ಲೇ ಪಕ್ಕದ "ಮೆಟ್ಟಿಲ ದೀಪ" ಎಂದು ಬರೆದಿದ್ದ ಹಿಡಿಯನ್ನೂ ಎಳೆದ. ಮಾಡಿದರೆ ಪೂರ್ತಿ ಮಾಡುವವನು ಅವನು.

ಗೋಡೆ ನಿಂತಿತು.

ಸುರಿಯುತ್ತಿದ್ದ ನೀರು ಬಾಗಿ, ಬತ್ತಿ, ಹನಿಯಾಯಿತು. ಇಡೀ ಕಟ್ಟಡದಲ್ಲಿ ಒಂದು ಸದ್ದು ಅಡಗಿತು. ಆ ಸದ್ದು ಇತ್ತು ಎಂಬುದೇ ಎಲ್ಲರಿಗೂ ತಿಳಿದದ್ದು ಅದು ಅಡಗಿದಾಗ.

"ಇದೇನ್ರೀ" ಎಂದರು ಕಂಡಕ್ಟರು. "ಕರೆಂಟಿಗೂ ನೀರಿಗೂ ಏನು ನಂಟು? ಇನ್ನೊಂದ್ಸಲ ಹಾಕಿ."

ಒಳಗೆ ಯಾರೂ ಇಲ್ಲವೆಂದು ನರ್ಸಕ್ಕ ನೋಡಿ ಹೇಳಿದ ಮೇಲೆ ಕರಡಪ್ಪ ದೀಪದ ಹಿಡಿಯನ್ನಷ್ಟೇ ಮೇಲಕ್ಕೆತ್ತಿದ. ಮೆಟ್ಟಿಲ ಕೆಳಗಿನ ಬೀಗ ಹಾಕಿದ ಗೂಡಿನಲ್ಲಿ ಏನೋ ಗುಂಯ್ ಎಂದಿತು, ಗೋಡೆ ಸುರಿಯಿತು. ಇಳಿಸಿದ, ನಿಂತಿತು. ಎತ್ತಿದ, ಸುರಿಯಿತು. ಮೆಟ್ಟಿಲ ದೀಪ ಮಾತ್ರ ಒಮ್ಮೆಯೂ ಹತ್ತಲಿಲ್ಲ. ಅದು ಸುಟ್ಟು ಆರು ವರ್ಷವಾಗಿತ್ತು. ಅದರ ಬಿಲ್ಲನ್ನು ಕೆಳಗಿನ ಮೂರು ಮನೆಯವರು ತಪ್ಪದೆ ಕಟ್ಟುತ್ತಿದ್ದರು.

ಹಳೇ ಕುರ್ಚಿಗಳಿವೆ ಎಂದು ಮಾಲೀಕ ಬೀಗ ಜಡಿದಿದ್ದ ಆ ಗೂಡನ್ನು ಎಲ್ಲರೂ ಬಗ್ಗಿ ನೋಡಿದರು.

"ಆ ಗುಂಯ್ ನನ್ನ ಕಾಲಲ್ಲಿ ಇದೆ ಅಂದ್ಕೊಂಡಿದ್ದೆ ನಾನು" ಎಂದರು ಕಂಡಕ್ಟರು ಮೆಲ್ಲಗೆ. "ಮೂವತ್ತು ವರ್ಷ ಎಂಜಿನ್ ಪಕ್ಕ ನಿಂತಿದ್ದೆನಲ್ಲ, ಬಸ್ಸು ಬಿಟ್ರೂ ಬಸ್ಸು ಮೈಯಿಂದ ಇಳಿದಿಲ್ಲ ಅಂತ."

"ನಾನು ವಾರ್ಡಿನ ಮಷೀನುಗಳು ತಲೇಲಿ ಕೂತಿವೆ ಅಂದ್ಕೊಂಡಿದ್ದೆ" ಎಂದಳು ನರ್ಸಕ್ಕ. "ನಿದ್ದೆ ಮಾತ್ರೆ ತಗೊಂಡೆ."

ಕರಡಪ್ಪ ತಾನು ಏನಂದುಕೊಂಡಿದ್ದೆ ಎಂದು ಹೇಳಲಿಲ್ಲ. ಎರಡೆರಡು ಹನಿ. ಅವಳು ತಲೆ ವಾಲಿಸಿ ಕೂರುತ್ತಿದ್ದಳು, ಅವನೇ ಬಿಡುತ್ತಿದ್ದ, ಒಂದು, ಎರಡು ಎಂದು ಎಣಿಸಿ. ಗೋಡೆಯ ಮೇಲೆ ಅವಳು ಬರೆದ ಸುತ್ತು ಏನೆಂದು ಈಗ ತಿಳಿಯಿತು. ಕಿವಿಯಿಟ್ಟು, ಸದ್ದು ಎಲ್ಲಿ ಹೆಚ್ಚೋ ಅಲ್ಲಿ ಗುರುತು ಹಾಕಿದ್ದಳು. ನಂಬುವವರಿಗೆ ತೋರಿಸಲೆಂದು.

ಕರಪತ್ರದ ಕೆಳಗಿದ್ದ ಸಂಖ್ಯೆಗೆ ಅವನು ಫೋನು ಮಾಡಿದ. ಇಲಾಖೆಯವನು ವಿಳಾಸ ಕೇಳಿಕೊಂಡು, ಕಾಗದ ಮಗುಚಿ, ನಿರಾಳವಾಗಿ ಹೇಳಿದ: "ನಕ್ಷೇಲಿ ನಿಮ್ಮ ಗೋಡೆಯಲ್ಲಿ ಪೈಪೇ ಇಲ್ಲ."

"ಒಡೆದಿದೆ ಸಾರ್."

"ಇಲ್ಲದ ಪೈಪು ಒಡೆಯೋಕೆ ಬರಲ್ಲ ನೋಡಿ."

ಬೇರೆ ದಿನವಾಗಿದ್ದರೆ ಕರಡಪ್ಪ ಆಯ್ತು ಎಂದು ಇಟ್ಟುಬಿಡುತ್ತಿದ್ದ. ಇದು ಅವನದೇ ವೇದಾಂತ. ಆದರೆ ಅದನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದಾಗ, ಮೊಣಕಾಲವರೆಗೆ ಒದ್ದೆಯಾಗಿ ನಿಂತವನಿಗೆ, ಮೊದಲ ಬಾರಿ ಅದರಲ್ಲೊಂದು ಅಚ್ಚಿನ ತಪ್ಪು ಕಂಡಿತು. "ಮೆಟ್ಟಿಲ ದೀಪ ಹಾಕಿದ್ರೆ ಬರುತ್ತೆ, ಆರಿಸಿದ್ರೆ ನಿಲ್ಲುತ್ತೆ ಸಾರ್" ಎಂದ.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಬೇರೆ ದನಿ ಬಂತು, ವಯಸ್ಸಾದ ಹೆಂಗಸಿನದು. "ನಾನು ಇನ್‌ಸ್ಪೆಕ್ಟರ್. ಅದು ಪಂಪು ರೀ. ಗೋಡೆ ಹಾಗೇ ಇರಲಿ. ಗಾರೆ ಹಾಕಬೇಡಿ, ಸುಣ್ಣ ಬಳೀಬೇಡಿ, ಯಾರನ್ನೂ ಮುಟ್ಟೋಕೆ ಬಿಡಬೇಡಿ. ನಾಳೆ ಬೆಳಿಗ್ಗೆ ಬರ್ತೀನಿ. ಒಂದ್ಸಲ ಮುಚ್ಚಿಬಿಟ್ರೆ ನಾನು ನೋಡೋದು ಬರೀ ಗೋಡೆ. ಕರಪತ್ರದಲ್ಲೇ ಇದೆಯಲ್ಲ, ಹತ್ತನೇ ಸೂಚನೆ: ತಪಾಸಣೆಗೆ ಮುನ್ನ ಹಾನಿಯ ಗುರುತನ್ನು ಅಳಿಸದಿರಿ."

"ಒಂಬತ್ತೇ ಇರೋದು ಮೇಡಂ."

"ನಾನು ಬರೆದುಕೊಟ್ಟಿದ್ದು ಹತ್ತು. ಪ್ರೆಸ್ಸಿನಲ್ಲಿ ಯಾರೋ ತೆಗೆದಿದಾರೆ ಹಾಗಾದ್ರೆ. ಕೈಗೆ ಪೆನ್ಸಿಲು ಸಿಕ್ಕಿದ್ರೆ ಸಾಕು, ಹೊಡೆದು ಹಾಕ್ತಾರೆ."

"ಹೌದು ಮೇಡಂ" ಎಂದ ಕರಡಪ್ಪ. "ಯಾರೋ ತೆಗೆದಿದಾರೆ."

ನೀರಿನ ಗಂಟೆ ಮುಗಿಯಿತು, ಸಾಲು ಚದುರಿತು. ನೆಲ ಒರೆಸಲು ನಿಂತವರು ನಾಲ್ವರು. ಯಂತ್ರದ ಪ್ಲಗ್ಗು ಕಿತ್ತು, ಕಂಡಕ್ಟರೂ ಕರಡಪ್ಪನೂ ಅದನ್ನು ಎತ್ತಿ ಒಣ ಜಾಗಕ್ಕೆ ಸರಿಸಿದರು. ಅದು ಅಲ್ಲಿಂದ ಕದಲಿದ್ದು ಹದಿನೈದು ವರ್ಷದಲ್ಲಿ ಮೊದಲ ಸಲ.

ಕಂಡಕ್ಟರ ಹೆಂಡತಿ ಹಿಂಡಿದ ಬಟ್ಟೆ ಕೈಯಲ್ಲೇ ಹಿಡಿದು ಗೋಡೆಯೆದುರು ನಿಂತುಬಿಟ್ಟಿದ್ದಳು. "ನರ್ಸಕ್ಕ, ಇದೇನು ಬರೆದಿದಾಳೆ ನೋಡಿ, ನನ್ನ ಅಳತೆ ಪಕ್ಕ."

ನರ್ಸಕ್ಕ ಓದಿದಳು: "ಎಡ ಭುಜ ಅರ್ಧ ಇಂಚು ಕೆಳಗೆ, ನೀರು ಹೊತ್ತು. ಒಳಗೆ ಹತ್ತಿ ಇಡಬೇಕು, ಹೇಳಬಾರದು."

ಕಂಡಕ್ಟರ ಹೆಂಡತಿ ಕೈಯಿಂದ ತನ್ನ ಎಡ ಭುಜ ಮುಟ್ಟಿಕೊಂಡಳು. "ಅವಳು ಹೊಲಿದದ್ದು ಮಾತ್ರ ಯಾಕೆ ಮೈಗೆ ಸರಿಯಾಗಿ ಕೂರುತ್ತೆ ಅಂತ ನಾನು ಯೋಚನೆ ಮಾಡ್ತಿದ್ದೆ" ಎಂದಳು.

ನರ್ಸಕ್ಕ ತನ್ನದನ್ನು ಹುಡುಕಿದಳು. ಎಡ ಭುಜ ಮುಕ್ಕಾಲು ಇಂಚು ಕೆಳಗೆ. ಮೂಲೆಮನೆಯವಳದು ಅರ್ಧ. ಪೇಪರ್ ಹಾಕುವವನ ತಾಯಿಯದು ಒಂದು. ಬಕೆಟ್ಟು ಎಡಗೈಯಲ್ಲಿರುತ್ತದೆ, ಬಲಗೈ ಮೆಟ್ಟಿಲ ಕಂಬಿ ಹಿಡಿಯಬೇಕಲ್ಲ. ಬೀದಿಯ ಹೆಂಗಸರೆಲ್ಲ ಆ ಗೋಡೆಯ ಮೇಲೆ ಒಂದೇ ಕಡೆಗೆ ವಾಲಿ ನಿಂತಿದ್ದರು. ಒಬ್ಬರನ್ನು ಬಿಟ್ಟು. "ಮೇಲ್ಮನೆ ಅಮ್ಮ" ಎಂದು ಬರೆದಿದ್ದ ಕಡೆ ಟೇಲರಮ್ಮ ಇಷ್ಟೇ ಬರೆದಿದ್ದಳು: ಎರಡೂ ಭುಜ ಸಮ.

ಯಂತ್ರ ಸರಿಸಿದ ಕಡೆ, ನೆಲದಿಂದ ಮೊಳದೆತ್ತರದಲ್ಲಿ, ಇನ್ನೊಂದು ಅಳತೆಯಿತ್ತು. ಕೂತು ನೋಡಿದರೆ ಮಾತ್ರ ಕಾಣುವಂಥದು. ಕರಡಪ್ಪ ಕೂತ. ಮೇಲೆ "ನಾನು" ಎಂದಿತ್ತು. ಕನ್ನಡಿ ಎದುರು ನಿಂತು ತಾನೇ ತೆಗೆದುಕೊಂಡಿರಬೇಕು, ಅವಳ ಅಳತೆ ತೆಗೆಯಲು ಇನ್ಯಾರಿದ್ದರು. ಎಡ ಭುಜ ಒಂದಿಂಚು ಕೆಳಗೆ. ಒಂದನ್ನು ಹೊಡೆದುಹಾಕಿ ಒಂದೂವರೆ. ಒಂದೂವರೆ ಹೊಡೆದು ಎರಡು.

ಅವಳು ತಲೆಯನ್ನು ಎಡಕ್ಕೆ ವಾಲಿಸಿಕೊಂಡಿರುತ್ತಿದ್ದಳು. ತನ್ನ ಮಾತನ್ನು ಗಮನವಿಟ್ಟು ಕೇಳುವ ರೀತಿ ಅದು ಎಂದು ಕರಡಪ್ಪ ಇಷ್ಟು ವರ್ಷ ತಿಳಿದಿದ್ದ. ತಾನು ಮಾತಾಡುವುದರಲ್ಲಿ ಸ್ವಲ್ಪ ಗಟ್ಟಿಗ ಎಂಬ ಸಣ್ಣ ಜಂಬವೂ ಅದರಿಂದಲೇ ಬಂದಿತ್ತು.

ಕಂಡಕ್ಟರು ಕೆಮ್ಮಿದರು. "ಕರಡಪ್ಪ, ಟೀ ಮಾಡಿಸಲಾ?" ಎಂದರು.

ಒಂಬತ್ತು ಗಂಟೆಗೆ ಮಾಲೀಕ ಇಳಿದು ಬಂದ. ಹಿಂದೆ ಗಾರೆ ಕೆಲಸದವನು, ಕೈಯಲ್ಲಿ ಬಾಂಡ್ಲಿ, ಕರಣೆ. ಮೇಲಿನ ಟ್ಯಾಂಕು ಅಂದು ತುಂಬಿರಲಿಲ್ಲ, ಹಾಗಾಗಿ ಮಾಲೀಕನ ತಲೆ ಬಾಚಿರಲಿಲ್ಲ.

"ಏನು ಕರಡಪ್ಪೋರೇ, ಇಷ್ಟು ವಿದ್ಯಾವಂತರು, ಒಂದು ಮೊಳೆ ಹೊಡೆಯೋಕೆ ಮೊದಲು ಕೇಳೋದಲ್ವಾ? ಹೋಗಲಿ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಕಟ್ಟಡದ ಯಾವುದೋ ಹಳೇ ಪೈಪು. ಇವನು ಅರ್ಧ ಗಂಟೇಲಿ ಗಾರೆ ಮೆತ್ತಿ ಸುಣ್ಣ ಬಳೀತಾನೆ. ಗೋಡೆ ನೋಡಿ ಎಷ್ಟು ಗಲೀಜಾಗಿದೆ, ಯಾರೋ ಏನೇನೋ ಗೀಚಿದಾರೆ."

"ನೀರು ಕುಡಿದ ಗೋಡೆ ಸಾರ್" ಎಂದ ಗಾರೆಯವನು. "ಇವತ್ತು ಮೆತ್ತಿದ್ರೆ ನಾಳೆ ಉದುರುತ್ತೆ. ಒಣಗಬೇಕು."

"ನಾಳೆ ಬೆಳಿಗ್ಗೆವರೆಗೆ ನಿಂತ್ರೆ ಸಾಕು" ಎಂದ ಮಾಲೀಕ. ಹೇಳಬಾರದಿತ್ತು. ಹೇಳಿಬಿಟ್ಟ. ಇಲಾಖೆಗೆ ಹೋದ ಫೋನು ಅವನಿಗೆ ಮುಟ್ಟಲು ಎರಡು ಗಂಟೆಯೂ ಹಿಡಿದಿರಲಿಲ್ಲ, ನೀರಿಗಿಂತ ವೇಗವಾಗಿ ಮೇಲಕ್ಕೇರುವುದು ಸುದ್ದಿಯೊಂದೇ.

ನರ್ಸಕ್ಕ ಒರೆಸುವ ಬಟ್ಟೆ ಹಿಂಡಿದಳು. "ಗೀಚಿದ್ದಲ್ಲ ಅದು. ಯಾರ ಭುಜ ಎಷ್ಟು ಇಳಿದಿದೆ, ಯಾರದ್ದು ಇಳಿದೇ ಇಲ್ಲ ಅಂತ ಬರೆದಿದೆ. ಓದಲಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯನ್ನು ಯಾವ ಹಿರಿಯರು ಕಟ್ಟಿದರೋ, ಈ ಮಾಲೀಕನನ್ನು ಕಂಡೇ ಕಟ್ಟಿರಬೇಕು. ಅವನ ಬಲಗೈ ತಾನಾಗಿ ಎದ್ದು ಎಡ ಭುಜವನ್ನು ಕೊಡವಿತು. ಅಲ್ಲಿ ಧೂಳೂ ಇರಲಿಲ್ಲ. ಗಾರೆಯವನೂ ಸೇರಿ ಎಲ್ಲರೂ ನೋಡಿದರು.

ಮಾಲೀಕ ಜೇಬಿನಿಂದ ಒಂದು ಕಾಗದ ತೆಗೆದ. "ಸಣ್ಣ ಔಪಚಾರಿಕತೆ. ಇಲ್ಲೊಂದು ಸಹಿ ಮಾಡಿಬಿಡಿ. ಮನೇಲಿ ಎಷ್ಟು ವರ್ಷ ಬೇಕಾದ್ರೂ ಇರಿ, ಯಾರು ಬೇಡ ಅಂದ್ರು? ಸಹಿ ಮಾಡದಿದ್ರೆ ನಾನೂ ಬೇರೆ ಬಾಡಿಗೆದಾರರನ್ನ ನೋಡಬೇಕಾಗುತ್ತೆ."

ಕರಡಪ್ಪ ಓದಿದ. ಕೆಳಗೆ ಸಹಿ ಮಾಡಿದ ನಾನು ನನ್ನ ಅಜಾಗರೂಕತೆಯಿಂದ ಮೊಳೆ ಹೊಡೆದು ಬಳಕೆಯಲ್ಲಿಲ್ಲದ ಕೊಳವೆಯೊಂದನ್ನು ಒಡೆದಿದ್ದು, ಗೋಡೆಯನ್ನು ನನ್ನ ಇಚ್ಛೆಯಿಂದಲೇ ದುರಸ್ತಿ ಮಾಡಿಸಿರುತ್ತೇನೆ. ಅಭ್ಯಾಸಬಲದಿಂದ ಅವನ ಕೈ ಕಿಸೆಯ ಕೆಂಪು ಪೆನ್ಸಿಲಿಗೆ ಹೋಯಿತು. ಮಾಲೀಕನ ಮುಖ ಸಡಿಲಾಯಿತು. ಕರಡಪ್ಪ ಪೆನ್ಸಿಲಿನ ತುದಿಯನ್ನು ಸಾಲಿನ ಮೇಲೆ ಆಡಿಸುತ್ತ ಇನ್ನೊಮ್ಮೆ ಓದಿದ, ಮತ್ತೊಮ್ಮೆ ಓದಿದ. ಇಪ್ಪತ್ತೆಂಟು ವರ್ಷದಲ್ಲಿ ಅಷ್ಟು ಶುದ್ಧವಾದ ಕಾಗದ ಅವನ ಕೈಗೆ ಬಂದಿರಲಿಲ್ಲ.

"ಅಕ್ಷರ ಒಂದೂ ತಪ್ಪಿಲ್ಲ" ಎಂದ. "ಅಳತೆ ತಪ್ಪಿದೆ."

ಕಾಗದವನ್ನು ಮಡಿಸಿ ಮಾಲೀಕನ ಕೈಗೆ ಕೊಟ್ಟ. ಪೆನ್ಸಿಲನ್ನು ಕಿಸೆಗಿಟ್ಟ.

"ಏನಂದ್ರಿ?"

ಕರಡಪ್ಪ, ಹೆಂಡತಿ ಕೂತು ಹೊಲಿಯುತ್ತಿದ್ದ ಮುಕ್ಕಾಲಿಯನ್ನು ತಂದು ಗೋಡೆಗೆ ಹತ್ತಿರ ಹಾಕಿ, "ನಾನು" ಎಂದು ಬರೆದಿದ್ದ ಜಾಗ ಬೆನ್ನ ಹಿಂದೆ ಬರುವಂತೆ ಕೂತ. ಗೋಡೆಗೆ ತಾಗಲಿಲ್ಲ. ಒಂದಂಗುಲ ಬಿಟ್ಟು ಕೂತ. ಒಡೆದ ಕೊಳವೆಯಿಂದ ಹನಿಯೊಂದು ಇಳಿದು ಅವನ ಎಡ ಭುಜದ ಮೇಲೆ ಬಿತ್ತು. ಇನ್ನೊಂದು ಬಿತ್ತು. ಒರೆಸಿಕೊಳ್ಳಲಿಲ್ಲ.

"ಗಾರೆ ಕಲಸು" ಎಂದ ಮಾಲೀಕ ಕೆಲಸದವನಿಗೆ. ಕೆಲಸದವನು ಬಾಂಡ್ಲಿ ಕೆಳಗಿಟ್ಟು, ಬೀಡಿ ಹುಡುಕುವವನಂತೆ ಜೇಬು ತಡಕುತ್ತ ನಿಂತ. ಮಾಲೀಕ ಕರಡಪ್ಪನ ಕಡೆ ತಿರುಗಿದ. ದನಿಯಲ್ಲಿ ಮೊದಲಿನ ಮರ್ಯಾದೆ ಉಳಿದಿರಲಿಲ್ಲ.

"ಏಳ್ರೀ ಮೇಲೆ. ಪಕ್ಕಕ್ಕೆ ಸರೀರಿ."

ಕರಡಪ್ಪನ ಬಾಯಿ ಹಳೆಯ ಅಭ್ಯಾಸದಂತೆ "ಆ" ಎಂದು ತೆರೆಯಿತು. ಮುಂದೆ ಬರುವ ಮಾತು ಯಾವುದೆಂದು ನರ್ಸಕ್ಕನಿಗೆ ಗೊತ್ತಿತ್ತು, ಕಂಡಕ್ಟರಿಗೆ ಗೊತ್ತಿತ್ತು. ಅವರು ಅದನ್ನು ಕೇಳಲಾರದೆ ಮುಖ ತಿರುಗಿಸಿದರು. ಮಾಲೀಕ ಆಗಲೇ ಕರಣೆಯನ್ನು ತಾನೇ ಕೈಗೆತ್ತಿಕೊಂಡಿದ್ದ.

"ಆಗಲ್ಲ" ಎಂದ ಕರಡಪ್ಪ.